ದಿಬ್ಬದ ತನಕ ರೈಲು

ಸವಣೂರಿಗೆ ರೈಲಿಲ್ಲ. ಇದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ನಮ್ಮ ಅಜ್ಜಿಯೊಬ್ಬಳನ್ನು ಬಿಟ್ಟು. ರೈಲು ಬೇಕಾದವರು ಯಲವಿಗಿಗೆ ಹೋಗಬೇಕು, ಅಲ್ಲಿಯ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಹುಬ್ಬಳ್ಳಿ ಕಡೆಯದೋ ಹರಿಹರದ ಕಡೆಯದೋ ಗಾಡಿ ಬರುವವರೆಗೆ ಶೇಂಗಾ ತಿನ್ನಬೇಕು. ಬರುವಾಗಲೂ ಅಷ್ಟೇ: ಯಲವಿಗಿಯಲ್ಲಿ ಇಳಿದು ಬಸ್ಸೋ ಟಾಂಗಾವೋ ಎತ್ತಿನ ಚಕ್ಕಡಿಯೋ ಸಿಕ್ಕಿದ್ದನ್ನು ಹಿಡಿದು ಊರು ಸೇರಬೇಕು. ಆದರೆ ಅಜ್ಜಿಯ ಲೆಕ್ಕವೇ ಬೇರೆ. ಆಕೆ ಮದುವಣಗಿತ್ತಿಯಾಗಿ ಈ ಊರಿಗೆ ಬಂದ ದಿನ ಯಲವಿಗಿಯಲ್ಲಿ ಒಂದು ರೈಲು ಇಳಿದು ಇನ್ನೊಂದು ರೈಲು ಹತ್ತಿದ್ದಳಂತೆ. ಆ ಎರಡನೆಯ ರೈಲು ಆಕೆಯನ್ನು ಊರ ಹೊರಗಿನ ಕಲ್ಲಿನ ದಿಬ್ಬದ ತನಕ ತಂದು ಬಿಟ್ಟಿತ್ತಂತೆ.

ಈ ಕಥೆಯನ್ನು ಅಜ್ಜಿ ಹೇಳುತ್ತಿದ್ದದ್ದು ಪಡಸಾಲೆಯ ತೂಗುಮಂಚದ ಮೇಲೆ ಕುಳಿತು. ತೂಗುಮಂಚ ಮನೆಯ ಹಿರಿಯ ಹೆಂಗಸಿನ ಜಾಗ; ಅದರ ಮೇಲೆ ಇನ್ನೊಬ್ಬರು ಕೂತದ್ದನ್ನು ನಾನು ನೋಡಿರಲಿಲ್ಲ. ಚಿಕ್ಕಜ್ಜಿಯಂತೂ ಅದರ ಹಲಗೆಯನ್ನು ಒರೆಸುವುದಕ್ಕೆ ಮಾತ್ರ ಮುಟ್ಟುತ್ತಿದ್ದಳು. ಚಿಕ್ಕಜ್ಜಿಯೆಂದರೆ ಅಜ್ಜನ ತಮ್ಮನ ಹೆಂಡತಿ, ಅಜ್ಜಿಯ ನೆಗೆಣ್ಣಿ. ಅಜ್ಜ, ಚಿಕ್ಕಜ್ಜ ಇಬ್ಬರೂ ಹೋಗಿ ಬಹಳ ವರ್ಷಗಳಾಗಿದ್ದವು. ಉಳಿದವರು ಇವರಿಬ್ಬರು, ಒಬ್ಬಳು ಮೇಲೆ ತೂಗುತ್ತ, ಇನ್ನೊಬ್ಬಳು ಕೆಳಗೆ ಮಣೆಯ ಮೇಲೆ ಕುಳಿತು ಬತ್ತಿ ಹೊಸೆಯುತ್ತ, ದಿನವೂ ಜಗಳ ತೆಗೆಯುವುದರಲ್ಲಿ ಎಂದೂ ಬೇಸರಪಡದೆ ಇದ್ದರು.

"ಎರಡನೇ ರೈಲಿಗೆ ಚಾವಣಿ ಇದ್ದಿಲ್ಲ ನೋಡು," ಎಂದು ಅಜ್ಜಿ ಶುರು ಮಾಡುವಳು.

"ಎಂಜಿನ್ನು?" ಎಂದು ಚಿಕ್ಕಜ್ಜಿ ಕೆಳಗಿನಿಂದ ಕೇಳುವಳು.

"ಎಂಜಿನ್ನೂ ಇದ್ದಿಲ್ಲ. ತಾನ ಹೊಂಟಿತ್ತು."

"ಕಿಟಕಿ?"

"ಎಲ್ಲಾ ಬಯಲ ಇದ್ದಾಗ ಕಿಟಕಿ ಯಾಕ ಬೇಕು?"

"ಮತ್ತ ಟಿಕೀಟು ಎಷ್ಟಾತಕ್ಕಾ?"

"ಟಿಕೀಟು ಯಾರೂ ಕೇಳಲಿಲ್ಲ."

"ಚಾವಣಿ ಇಲ್ಲ, ಎಂಜಿನ್ ಇಲ್ಲ, ಕಿಟಕಿ ಇಲ್ಲ, ಟಿಕೀಟಿಲ್ಲ. ಇಷ್ಟೆಲ್ಲಾ ಇಲ್ಲದ್ದು ರೈಲು ಹೆಂಗಾತು? ನಮ್ಮ ಚಕ್ಕಡಿಗೂ ಇವು ಯಾವೂ ಇದ್ದಿಲ್ಲ. ನಾನೂ ರೈಲಿನಾಗ ಬಂದೇನಿ ಅಂತ ಹೇಳ್ಲೇನು?"

ಅಜ್ಜಿ ಕಾಲಿನಿಂದ ನೆಲವನ್ನು ಜೋರಾಗಿ ಒತ್ತಿ ತೂಗಿಕೊಳ್ಳುವಳು. ತೂಗುಮಂಚದ ಸರಪಳಿ ಮೇಲಿನ ತೊಲೆಗೆ ತಿಕ್ಕಿ ಕಿರುಗುಟ್ಟುವುದು. ಆ ತೊಲೆಯ ಮೇಲೆ ವರ್ಷಗಟ್ಟಲೆ ಗಾರೆ, ಸುಣ್ಣ ಬಳಿದು ಬಳಿದು ಅದಕ್ಕೆ ಆಕಾರವೇ ಉಳಿದಿರಲಿಲ್ಲ. ಪ್ರತಿ ವರ್ಷ ದಸರೆಯ ಮುಂಚೆ ಸುಣ್ಣ ಹಚ್ಚುವವರು ಬಂದಾಗ ಚಿಕ್ಕಜ್ಜಿ ಅದೊಂದು ತೊಲೆಯ ಕೆಳಗೆ ಮಾತ್ರ ನಿಂತು, "ಇದಕ್ಕ ಒಂದು ಕೈ ಹೆಚ್ಚಿಗಿ ಬಡೀರಿ," ಎಂದು ಹೇಳುತ್ತಿದ್ದಳು. ಚೊಕ್ಕಟತನದ ಹುಚ್ಚು ಎಂದುಕೊಂಡು ನಾವು ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ನಾನು ಆಗ ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹೊಸ ಮಾಸ್ತರಿಕೆ, ಹೊಸ ಕನ್ನಡಕ, ಮೌರ್ಯರಿಂದ ಹಿಡಿದು ಮರಾಠರವರೆಗೆ ಎಲ್ಲರ ಬಗ್ಗೆಯೂ ಒಂದೊಂದು ಅಭಿಪ್ರಾಯ. ಮನೆಯ ಜಗಳದಲ್ಲಿ ಮಾತ್ರ ನಾನು ತಟಸ್ಥ. ಅಜ್ಜಿಯ ರೈಲನ್ನು ನಾನು ನಂಬಿಯೂ ಇರಲಿಲ್ಲ, ಅಲ್ಲಗಳೆದೂ ಇರಲಿಲ್ಲ. ಅಣ್ಣನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ಆ ತಟಸ್ಥ ನೀತಿ ಮುರಿದುಬಿತ್ತು. ಬೀಗರು, ನೆಂಟರು ಮನೆತುಂಬ ಇದ್ದರು. ಅಜ್ಜಿ ಹುರುಪಿನಲ್ಲಿ ತನ್ನ ರೈಲು ಬಿಟ್ಟಳು. ಚಿಕ್ಕಜ್ಜಿ ಎಂದಿನಂತೆ ಟಿಕೀಟು ಕೇಳಿದಳು. ಆ ದಿನ ಕೇಳುವ ಮಂದಿ ಬಹಳ. ಎಲ್ಲರೂ ನಕ್ಕರು. ಹುಡುಗರು ಒಬ್ಬರ ಅಂಗಿ ಒಬ್ಬರು ಹಿಡಿದು ತೂಗುಮಂಚದ ಸುತ್ತ ಓಡುತ್ತ, "ಅಜ್ಜೀ ಟಿಕೀಟು, ಅಜ್ಜೀ ಟಿಕೀಟು," ಎಂದು ಕೂಗಿದರು. ಅಜ್ಜಿ ಎದ್ದು ಒಳಗೆ ಹೋದವಳು ಊಟಕ್ಕೆ ಬರಲಿಲ್ಲ. ಕರೆಯಲು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ನೀ ಇತಿಹಾಸ ಓದೀಯಲ್ಲ," ಎಂದಳು. "ಸತ್ತ ರಾಜರೆಲ್ಲಾ ಎಲ್ಲೆಲ್ಲಿ ಹೋಗಿದ್ರು ಅಂತ ಹೇಳ್ತೀ. ಬದುಕಿರೋ ಅಜ್ಜಿ ಹೆಂಗ ಬಂದ್ಲು ಅಂತ ಹೇಳಲಿಕ್ಕೆ ಬರೋದಿಲ್ಲೇನು?"

ನನಗೆ ಆ ಮಾತು ನೆಟ್ಟಗೆ ನಾಟಿತು. ಅಜ್ಜಿಗೆ ಇದ್ದ ದೊಡ್ಡಸ್ತಿಕೆ ಅದೊಂದೇ. ಶಾಲೆ ಕಂಡವಳಲ್ಲ, ಒಡವೆಯೆಲ್ಲ ಸೊಸೆಯರಿಗೆ ಹೋಗಿತ್ತು, ಮಕ್ಕಳ ಸಾಧನೆ ಮಕ್ಕಳದು. ರೈಲು ಮಾತ್ರ ಆಕೆಯದು. ಅದನ್ನು ಸಾಬೀತು ಮಾಡಿ ಚಿಕ್ಕಜ್ಜಿಯ ಬಾಯಿಗೆ ಬೀಗ ಹಾಕುತ್ತೇನೆಂದು ಆವತ್ತು ನಿರ್ಧರಿಸಿದೆ.

ಮೊದಲು ಹೋದದ್ದು ಯಲವಿಗಿ ಸ್ಟೇಷನ್ನಿಗೆ. ಅಲ್ಲಿದ್ದ ಸ್ಟೇಷನ್ ಮಾಸ್ತರರು ತಮಿಳು ಸೀಮೆಯವರು, ಸಜ್ಜನರು. ಚಹಾ ತರಿಸಿ, ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿ, ತಾವು ಮೊನ್ನೆ ಮೊನ್ನೆ ವರ್ಗವಾಗಿ ಬಂದವರೆಂದೂ, ಮುಂದೆ ಬರುವ ರೈಲುಗಳ ಬಗ್ಗೆ ಕೇಳಿದರೆ ಹೇಳಬಲ್ಲೆನೆಂದೂ, ಹೋದ ರೈಲುಗಳ ಬಗ್ಗೆ ತಮಗೆ ಏನೂ ತಿಳಿಯದೆಂದೂ ಹೇಳಿದರು. ಊರ ಹೊರಗಿನ ದಿಬ್ಬಕ್ಕೂ ಹೋದೆ. ಅಲ್ಲಿ ಕಲ್ಲು ಒಡೆದ ಹಳೆಯ ತಗ್ಗುಗಳಿದ್ದವು, ಅವುಗಳಲ್ಲಿ ಮಳೆನೀರು ನಿಂತಿತ್ತು, ನೀರಿನಲ್ಲಿ ಎಮ್ಮೆಗಳು ಇದ್ದವು. ಅಲ್ಲಿಂದ ಯಲವಿಗಿಯ ತನಕ ಇದ್ದದ್ದು ಎರೆ ಹೊಲ. ವರ್ಷಕ್ಕೊಮ್ಮೆ ರಂಟೆ ಹೊಡೆಯುವ ಆ ಕರಿ ಮಣ್ಣಿನಲ್ಲಿ ರೈಲಿನ ಗುರುತು ಹುಡುಕುವುದು ಹುಗ್ಗಿಯಲ್ಲಿ ಉಪ್ಪು ಹುಡುಕಿದಂತೆ.

ನನ್ನ ಈ ತಿರುಗಾಟದಲ್ಲಿ ಜೊತೆಯಾದವರು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು. ಅವರ ಹತ್ತಿರ ಮೋಟಾರ್ ಸೈಕಲ್ ಇತ್ತು, ಎಲ್ಲದರ ಮೇಲೂ ಸಂಶಯವಿತ್ತು. ಶಾಲೆಯ ಬೇವಿನ ಗಿಡಕ್ಕೆ ಗಂಟೆಯೆಂದು ತೂಗುಹಾಕಿದ್ದ ಹಳಿಯ ತುಂಡನ್ನು ತೋರಿಸಿ, "ಹಳಿ ಇದ್ದಲ್ಲೆಲ್ಲಾ ರೈಲು ಬಂದಿತ್ತಂದ್ರ, ಎಂಟನೇ ಕ್ಲಾಸಿನ ತನಕಾ ಬಂದಂಗಾತಲ್ರಿ ಸರ್," ಎಂದು ಅವರು ನಗುತ್ತಿದ್ದರು. ಅದು ದೊಡ್ಡ ರೈಲಿನ ದಪ್ಪ ಹಳಿ, ಎಲ್ಲ ಶಾಲೆಗಳಲ್ಲೂ ಅಂಥದ್ದು ಇರುತ್ತಿತ್ತು, ಅದರಿಂದ ಏನೂ ತಿಳಿಯುವಂತಿರಲಿಲ್ಲ.

ಹೊಳಹು ಸಿಕ್ಕಿದ್ದು ಹಾನಗಲ್ಲಿನಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸುಪರ್ವಿಜನ್ನಿಗೆ ನನ್ನನ್ನು ಅಲ್ಲಿಗೆ ಹಾಕಿದ್ದರು. ಪರಿಚಯದವರೊಬ್ಬರು ನಮ್ಮವರದೇ ಒಂದು ಮನೆಯಲ್ಲಿ ಇಳಿಸಿದರು. ಊಟ ಮಾಡಿ ಪಡಸಾಲೆಯಲ್ಲಿ ಅಂಗಾತ ಬಿದ್ದುಕೊಂಡು ಮೇಲೆ ನೋಡಿದರೆ, ಜಂತಿಗಳನ್ನು ಹೊತ್ತ ನಡುವಿನ ತೊಲೆ ಕಟ್ಟಿಗೆಯದಲ್ಲ, ಕಬ್ಬಿಣದ್ದು. ಬರೀ ಕಬ್ಬಿಣವಲ್ಲ, ಹಳಿ. ಅದೂ ಶಾಲೆಯ ಗಂಟೆಯಂಥ ದಪ್ಪ ಹಳಿಯಲ್ಲ. ಮುಂಗೈ ಗಾತ್ರದ, ಹಗುರಾದ ಸಣ್ಣ ಹಳಿ. ಸಣ್ಣ ರೈಲಿನ ಹಳಿ. ನಾನು ಎದ್ದು ಕುಳಿತೆ. ಆ ದಿನ ಪರೀಕ್ಷೆಯಲ್ಲಿ ಹುಡುಗರು ಏನೇನು ನಕಲು ಹೊಡೆದರೋ ದೇವರಿಗೇ ಗೊತ್ತು, ನನ್ನ ಧ್ಯಾನವೆಲ್ಲ ಮೇಲ್ಛಾವಣಿಯಲ್ಲಿತ್ತು.

ಅಂದಿನಿಂದ ನನಗೆ ಮಂದಿಯ ಮುಖ ಕಾಣದಾಯಿತು. ಯಾರ ಮನೆಗೆ ಹೋದರೂ ಮೊದಲು ತೊಲೆ ನೋಡುವುದು, ಆಮೇಲೆ ಯಜಮಾನರಿಗೆ ನಮಸ್ಕಾರ. ಶಿಗ್ಗಾಂವಿಯಲ್ಲಿ ಒಂದು ಮನೆಯಲ್ಲಿ ಅದೇ ಸಣ್ಣ ಹಳಿ. ಬಂಕಾಪುರದಲ್ಲಿ ಒಂದು ಮನೆಯಲ್ಲಿ ಅದೇ. ಹಾನಗಲ್ಲಿನವರು ಹೇಳಿದ ಗುರುತಿನ ಮೇಲೆ ತಿಳವಳ್ಳಿಗೆ ಹೋದರೆ ಅಲ್ಲೂ ಅದೇ. ತಿಳವಳ್ಳಿಯವರು ಹಿರೇಕೆರೂರಿನ ಒಂದು ಮನೆಗೆ ಕಳಿಸಿದರು. ಅಲ್ಲಿ ಅದನ್ನು ಬಾವಿಯ ಗಡಗಡಿಗೆ ಅಡ್ಡ ಹಾಕಿದ್ದರು. ಒಂದು ಮನೆಯವರು ಇನ್ನೊಂದು ಮನೆಯ ಗುರುತು ಇಷ್ಟು ಸಲೀಸಾಗಿ ಹೇಗೆ ಹೇಳುತ್ತಾರೆಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಅದು ನನ್ನ ವಿಚಾರಣೆಯ ಜಾಣ್ಮೆಯೆಂದು ತಿಳಿದಿದ್ದೆ.

ಇನ್ನೊಂದು ಮಾತು. ಈ ಎಲ್ಲ ಮನೆಗಳಲ್ಲೂ ನಮಗೆ ಹಚ್ಚಿದ ಅವಲಕ್ಕಿ ಕೊಟ್ಟರು. ನಮ್ಮ ಸೀಮೆಯಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ. ಆದರೆ ಈ ಮನೆಗಳ ಅವಲಕ್ಕಿಯಲ್ಲಿ ಹಾಗಲಕಾಯಿಯನ್ನು ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಕರಿದು ಹಾಕಿರುತ್ತಿದ್ದರು. ಡ್ರಾಯಿಂಗ್ ಮಾಸ್ತರರು ಹಿರೇಕೆರೂರಿನಲ್ಲಿ ತಟ್ಟೆ ಹಿಡಿದು, "ಏನ್ರಿ ಸರ್, ರೈಲು ಹ್ವಾದಲ್ಲೆಲ್ಲಾ ಹಾಗಲಕಾಯಿ ಬೆಳದೈತಲ್ರಿ," ಎಂದರು. ನನಗೆ ಆ ರುಚಿ ಹೊಸದೇನಲ್ಲ. ಮನೆಯಲ್ಲಿ ಚಿಕ್ಕಜ್ಜಿ ಹಾಗೆಯೇ ಮಾಡುತ್ತಿದ್ದಳು, ಹುಟ್ಟಿದಾಗಿನಿಂದ ತಿನ್ನುತ್ತಿದ್ದೆ. ಹೊಸದಲ್ಲದ್ದರಿಂದಲೇ ಅದರ ಕಡೆ ನನ್ನ ಲಕ್ಷ್ಯ ಹೋಗಲಿಲ್ಲ. ನಾನು ಅವಲಕ್ಕಿ ತಿನ್ನುತ್ತ ಮೇಲೆ ನೋಡುತ್ತಿದ್ದೆ.

ಡ್ರಾಯಿಂಗ್ ಮಾಸ್ತರರು ದೊಡ್ಡದೊಂದು ಕಾಗದದ ಮೇಲೆ ನಾಲ್ಕೂ ತಾಲೂಕುಗಳ ನಕ್ಷೆ ಬರೆದರು. ಹಳಿ ಸಿಕ್ಕ ಊರುಗಳಿಗೆಲ್ಲ ಚುಕ್ಕೆ ಇಟ್ಟೆವು. ನಾನು ಕೆಂಪು ಪೆನ್ಸಿಲ್ಲು ಹಿಡಿದು ಯಲವಿಗಿಯಿಂದ ಹೊರಟು ಸವಣೂರು, ಶಿಗ್ಗಾಂವಿ, ಬಂಕಾಪುರ, ಹಾನಗಲ್ಲು, ತಿಳವಳ್ಳಿಯ ಮೂಲಕ ಹಿರೇಕೆರೂರಿನ ತನಕ ಒಂದೇ ಉಸಿರಿನಲ್ಲಿ ಗೆರೆ ಎಳೆದೆ. ಕಣ್ಣೆದುರಿಗೆ ಒಂದು ರೈಲ್ವೆ ಎದ್ದು ನಿಂತಿತು. ಸವಣೂರಿನ ಚುಕ್ಕೆಯ ಕೆಳಗೆ ಮಾತ್ರ ನಮ್ಮ ಹತ್ತಿರ ಹಳಿಯಿರಲಿಲ್ಲ, ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಆದರೆ ಅದರ ಈಚೆ ಆಚೆ ರೈಲು ಹೋದ ಮೇಲೆ ಸವಣೂರನ್ನು ಹಾರಿಕೊಂಡು ಹೋಗಲು ಸಾಧ್ಯವೇ? ಡ್ರಾಯಿಂಗ್ ಮಾಸ್ತರರು ಸಂಶಯದ ಮನುಷ್ಯರಾದರೂ ಕಲಾವಿದರು. ಹಾನಗಲ್ಲಿನ ಹತ್ತಿರ ಒಂದು ಪುಟ್ಟ ಎಂಜಿನ್ ಬರೆದು ಅದಕ್ಕೆ ಚಂದದ ಹೊಗೆ ಬಿಡಿಸಿದರು.

ನಕ್ಷೆಯನ್ನು ಅಜ್ಜಿಗೆ ತೋರಿಸಿದೆ. ಓದು ಬಾರದ ಆಕೆಗೆ ಊರೂರಿನ ಹೆಸರು ಹೇಳಿ ಗೆರೆಯ ಮೇಲೆ ಬೆರಳಾಡಿಸಿದೆ. ಕುಣಿದಾಡುತ್ತಾಳೆಂದುಕೊಂಡಿದ್ದೆ. ಆಕೆ ಮುಖ ಸಪ್ಪೆ ಮಾಡಿಕೊಂಡಳು.

"ಇಷ್ಟು ದೂರ ಹೋಗ್ತಿದ್ದಿಲ್ಲೋ ಅದು," ಎಂದಳು. "ದಿಬ್ಬದ ತನಕ ಅಷ್ಟ. ನೀ ಯಾಕ ಹಿರೇಕೆರೂರಿಗೆ ಒಯ್ದಿ?"

ಚಿಕ್ಕಜ್ಜಿ ಓದು ಬಲ್ಲವಳು. ಬತ್ತಿಯ ಹತ್ತಿ ಬದಿಗಿಟ್ಟು ಕಾಗದವನ್ನು ಎಳೆದುಕೊಂಡಳು. ಒಂದೊಂದು ಚುಕ್ಕೆಯ ಮೇಲೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಊರಿನ ಹೆಸರು ಓದಿಕೊಂಡಳು. ತಿಳವಳ್ಳಿಯ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಆಮೇಲೆ ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಚೊಲೊ ಬರದೀಯೋ. ಒಬ್ಬರನ್ನೂ ಬಿಟ್ಟಿಲ್ಲ," ಎಂದಷ್ಟೇ ಹೇಳಿ ಅಡಿಗೆ ಮನೆಗೆ ಹೋದಳು. ಹೊಟ್ಟೆಕಿಚ್ಚು, ಎಂದುಕೊಂಡೆ ನಾನು.

ಊರಿನ ವಾಚನಾಲಯದಲ್ಲಿ ಆಗ ತಿಂಗಳಿಗೊಂದು ಭಾಷಣ ಇರುತ್ತಿತ್ತು. ಸಾಮಾನ್ಯವಾಗಿ ಗೀತೆ ಇಲ್ಲವೆ ಮಧುಮೇಹ. ಆ ತಿಂಗಳು ನನ್ನ ರೈಲು. ಗೋಡೆಗೆ ನಕ್ಷೆ ಹಚ್ಚಿ, ಕೋಲು ಹಿಡಿದು ಮಾತಾಡಿದೆ. ಮಂದಿ ಕಿವಿಗೊಟ್ಟು ಕೇಳಿದ್ದೇನೋ ಸರಿ, ಆಮೇಲೆ ನಡೆದದ್ದು ವಿಚಿತ್ರ. ಅಲ್ಲಿಯ ತನಕ ಆ ರೈಲಿನ ಹೆಸರನ್ನೇ ಕೇಳಿರದ ಊರಿಗೆ ಒಂದೊಂದೇ ನೆನಪಾಗತೊಡಗಿತು. ವೀಳ್ಯದೆಲೆ ವ್ಯಾಪಾರದ ಹಿರಿಯರೊಬ್ಬರ ಅಜ್ಜ ಅದರಲ್ಲಿ ಎಲೆಯ ಪೆಂಡಿ ಹಾಕಿಕೊಂಡು ಹಾನಗಲ್ಲಿನ ಸಂತೆಗೆ ಹೋಗುತ್ತಿದ್ದರಂತೆ. ಮತ್ತೊಬ್ಬರ ದೊಡ್ಡಪ್ಪ ಬಂಕಾಪುರದಲ್ಲಿ ಸಿಗ್ನಲ್ಲು ಇಳಿಸುತ್ತಿದ್ದನಂತೆ. ಅದರ ಸೀಟಿಯ ಸದ್ದು ಹೇಗಿತ್ತೆಂದು ಒಬ್ಬರು ಊದಿಯೂ ತೋರಿಸಿದರು. ವಕೀಲರೊಬ್ಬರು ಎದ್ದು ನಿಂತು, "ಹಿಂದ ಇತ್ತು, ಮತ್ತ ಕೊಡ್ರಿ ಅಂತ ಸರಕಾರಕ್ಕ ಅರ್ಜಿ ಹಾಕೋಣ್ರಿ. ಹೊಸಾದು ಕೇಳಿದ್ರ ಇಲ್ಲ ಅಂತಾರ. ಇದ್ದದ್ದು ಕೇಳಿದ್ರ ಹೆಂಗ ಇಲ್ಲ ಅಂತಾರ?" ಎಂದರು. ಚಪ್ಪಾಳೆ ಬಿತ್ತು. ಅರ್ಜಿಗೆ ಪುರಾವೆ ಬೇಕು, ಹಳಿಗಳನ್ನು ಅಳತೆ ಮಾಡಿ ತರಬೇಕು ಎಂದು ನನಗೆ ಹೇಳಿದರು.

ಹಾಗೆ ನಾವು ಎರಡನೆಯ ಸಲ ತಿಳವಳ್ಳಿಗೆ ಹೋದೆವು. ಗೋವಿನಜೋಳದ ರಾಶಿಯ ಕಾಲ. ಮನೆಯೊಡತಿ ನನ್ನ ತಾಯಿಯ ವಯಸ್ಸಿನವರು. ಡ್ರಾಯಿಂಗ್ ಮಾಸ್ತರರು ನಿಚ್ಚಣಿಕೆ ಹತ್ತಿ ಟೇಪು ಹಿಡಿದಿದ್ದರು, ನಾನು ಕೆಳಗೆ ನಿಂತು ಬರೆದುಕೊಳ್ಳುತ್ತಿದ್ದೆ. ಆಕೆ ಅವಲಕ್ಕಿಯ ತಟ್ಟೆ ಹಿಡಿದು ಬಂದು ನಮ್ಮನ್ನು ಸ್ವಲ್ಪ ಹೊತ್ತು ನೋಡಿದರು.

"ಹೋದ ಸಲಾನೂ ನೋಡಿದ್ರಿ, ಈ ಸಲಾನೂ ನೋಡ್ಲಿಕತ್ತೀರಿ. ಏನದ ಅದ್ರಾಗ?"

"ಈ ಹಳಿ ಯಾವ ದಾರಿಯಿಂದ ಇಲ್ಲಿಗೆ ಬಂತು ಅಂತ ಹುಡುಕಾಕತ್ತೇವ್ರಿ ಕಾಕು," ಎಂದರು ಡ್ರಾಯಿಂಗ್ ಮಾಸ್ತರರು ಮೇಲಿನಿಂದ.

"ಅದಕ್ಯಾಕ ನಿಚ್ಚಣಿಕೆ ಹತ್ತಬೇಕು? ನಾ ಹೇಳ್ತೇನಿ. ಚಕ್ಕಡಿಯಾಗ ಬಂತು."

ನಾನು ಪೆನ್ನು ನಿಲ್ಲಿಸಿದೆ.

"ನಮ್ಮ ಅತ್ತಿಯವರ ತವರಿನ್ಯಾಗ ಹೆಣ್ಣುಮಕ್ಕಳು ಬಾಳ. ಯಾವ ಮಗಳ ಮನಿ ಕಟ್ಟಿದ್ರೂ ತವರಿನಿಂದ ಒಂದು ತೊಲಿ ಕಳಸೋದು ಅವರ ಪದ್ಧತಿ. ಮಗಳ ತಲಿ ಮ್ಯಾಲೆ ತವರಿನ ನೆರಳು ಇರಬೇಕಂತ. ಮೊದಲಿಗೆ ಸಾಗವಾನಿ ಕೊಡ್ತಿದ್ರಂತ. ಆಮ್ಯಾಲೆ ಸಾಗವಾನಿ ತುಟ್ಟಿ ಆತು, ಮನಿಯಾಗ ಈ ಹಳೇ ಹಳಿ ಬಿದ್ದಿದ್ದು, ಅವನ್ನ ತುಂಡು ಮಾಡಿ ಚಕ್ಕಡಿಗೆ ಹಾಕಿ ಕಳಿಸಿದ್ರು. ಹಾನಗಲ್ಲಿನಾಕಿಗೊಂದು, ಹಿರೇಕೆರೂರಿನಾಕಿಗೊಂದು, ಶಿಗ್ಗಾಂವಿಗೊಂದು, ಬಂಕಾಪುರಕ್ಕೊಂದು. ಸವಣೂರಿನ್ಯಾಗೂ ಒಬ್ಬಾಕಿ ಇದ್ದಾಳಂತ ಅತ್ತಿಯವರು ಹೇಳ್ತಿದ್ರು. ಈಗ ಯಾರಿಗೆ ಯಾರೂ ಇಲ್ಲ, ಹೋಗಿ ಬರೋದೂ ನಿಂತದ."

"ಅವರ ತವರಿಗೆ ಹಳಿ ಎಲ್ಲಿಂದ ಬಂತ್ರಿ?"

"ಹಳೇ ಕಬ್ಬಿಣ. ಅತ್ತಿಯವರು ಹೇಳಲಿಲ್ಲ, ನಾ ಕೇಳಲಿಲ್ಲ. ಅವಲಕ್ಕಿ ಮೆತ್ತಗಾಗ್ತಾವ, ತಿನ್ರಿ."

ಸವಣೂರಿನ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ತಲೆಯಲ್ಲಿ ಜಾಗವಿರಲಿಲ್ಲ, ಅಲ್ಲಿ ಹಿರೇಕೆರೂರಿನ ತನಕ ಹಾಕಿದ್ದ ಒಂದು ರೈಲ್ವೆಯನ್ನು ಕೀಳುವ ಕೆಲಸ ನಡೆದಿತ್ತು. ಬರುವಾಗ ಹಾನಗಲ್ಲಿನ ಕೆರೆಯ ದಂಡೆಯಲ್ಲಿ ಡ್ರಾಯಿಂಗ್ ಮಾಸ್ತರರು ಗಾಡಿ ನಿಲ್ಲಿಸಿದರು. ಅಲ್ಲಿಯ ತನಕ ನಗು ತಡೆದುಕೊಂಡಿದ್ದೇ ದೊಡ್ಡದು.

"ಸರ್, ತಪ್ಪು ತಿಳ್ಕೋಬ್ಯಾಡ್ರಿ. ನಾವು ತಗದದ್ದು ರೈಲ್ವೆ ನಕ್ಷೆ ಅಲ್ರಿ, ಬೀಗರ ನಕ್ಷೆ."

ನಾನೂ ನಕ್ಕೆ. ಎಷ್ಟೋ ಹೊತ್ತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತಮೇಲೆ ಅಜ್ಜಿಯ ನೆನಪಾಯಿತು, ಸಂಕಟವಾಯಿತು. ಹಳಿಗಳು ಹಳೆಯ ಕಬ್ಬಿಣವೆಂದಾದರೆ ಅವು ಎಲ್ಲಿಂದ ಬೇಕಾದರೂ ಬಂದಿರಬಹುದು. ಹಾನಗಲ್ಲಿನ ರೈಲು ಹೋದರೆ ಹೋಗಲಿ, ಅದನ್ನು ಹುಟ್ಟಿಸಿದವನು ನಾನೇ. ಆದರೆ ಅದರ ಜೊತೆ ದಿಬ್ಬದ ತನಕದ ರೈಲೂ ಹೋಗಿತ್ತು.

ವಕೀಲರಿಗೆ ವಿಷಯ ಹೇಳಿದಾಗ ಅವರು ಸ್ವಲ್ಪವೂ ಅಲುಗಲಿಲ್ಲ. "ಇರ್ಲಿ ಬಿಡ್ರಿ ಮಾಸ್ತರ, ಅರ್ಜಿ ಟೈಪ್ ಆಗೇತಿ," ಎಂದರು. ಅರ್ಜಿ ಹೋಯಿತು. ಅದಕ್ಕೆ ಉತ್ತರ ಬಂದ ನೆನಪಿಲ್ಲ.

ಅಜ್ಜಿಗೆ ಹೇಳುವುದೇ ಕಷ್ಟದ ಕೆಲಸವಾಗಿತ್ತು. ಮಧ್ಯಾಹ್ನ ತೂಗುಮಂಚದ ಪಕ್ಕ ನಿಂತು, ಹಳಿಗಳೆಲ್ಲ ಚಕ್ಕಡಿಯಲ್ಲಿ ಬಂದವಂತೆ ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಚಿಕ್ಕಜ್ಜಿ ಕೆಳಗೆ ಕೂತಿದ್ದಳು. ಅಜ್ಜಿ ತೂಗಿಕೊಳ್ಳುವುದನ್ನು ನಿಲ್ಲಿಸಿದಳು. ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು.

"ಇರ್ಲಿ ಬಿಡೋ," ಎಂದಳು. "ಸಣ್ಣಾಕಿ ಇದ್ನಿ. ಮಳಿ ಬರ್ತಿತ್ತು, ನಿದ್ದಿ ಬಂದಿತ್ತು. ಕನಸು ಕಂಡಿರಬೇಕು."

ಅದಾದ ಮೇಲೆ ಅಜ್ಜಿ ರೈಲಿನ ಸುದ್ದಿ ತೆಗೆಯಲಿಲ್ಲ. ತೂಗುಮಂಚದ ಮೇಲೆ ಕೂತಿರುತ್ತಿದ್ದಳು, ತೂಗಿಕೊಳ್ಳುತ್ತಿರಲಿಲ್ಲ. ಮೊದಲ ದಿನ ಚಿಕ್ಕಜ್ಜಿ ಗೆದ್ದವರ ಹಾಗೆ ಓಡಾಡಿದಳು. ಮರುದಿನ ತಾನೇ ಕೆಣಕಿದಳು. "ಏನಕ್ಕಾ, ಇವತ್ತು ರೈಲು ಲೇಟೇನು?" ಅಜ್ಜಿ ಮಾತಾಡಲಿಲ್ಲ. ಇನ್ನೊಂದು ದಿನ, "ಚಾವಣಿ ಇದ್ದಿಲ್ಲಂತಿದ್ದೆಲ್ಲ, ಮಳಿಯಾಗ ತೋಯಲಿಲ್ಲೇನು?" ಎಂದು ಆಸೆಯಿಂದಲೇ ಕೇಳಿದಳು. ಅಜ್ಜಿ ಮೆಲ್ಲಗೆ ಉತ್ತರ ಕೊಟ್ಟಳು.

"ಇಲ್ಲವಾ. ನಾನೂ ಚಕ್ಕಡಿಯಾಗ ಬಂದೇನಿ, ನಿನ್ನಂಗ."

ಚಿಕ್ಕಜ್ಜಿಯ ಕೈಯಲ್ಲಿದ್ದ ಬತ್ತಿ ನೆಲಕ್ಕೆ ಬಿತ್ತು. ಮದುವೆಯಾಗಿ ಬಂದಾಗಿನಿಂದ ಆಕೆ ಕಾದದ್ದು ಈ ಒಂದು ಮಾತಿಗೆ. ಮಾತು ಸಿಕ್ಕಿತು, ಮುಖ ಮಾತ್ರ ಬಿಳಿಚಿಕೊಂಡಿತು. ಆ ದಿನ ಆಕೆ ಮಾಡಿದ ಸಾರಿಗೆ ಉಪ್ಪಿರಲಿಲ್ಲ. ಉಪ್ಪಿಲ್ಲವೆಂದು ಅಜ್ಜಿ ಬೈಯಲೂ ಇಲ್ಲ, ಸುಮ್ಮನೆ ಉಂಡೆದ್ದಳು. ಮನೆಯಲ್ಲಿ ಎಲ್ಲರಿಗೂ ಹೆದರಿಕೆಯಾಯಿತು.

ಮರುದಿನ ರವಿವಾರ. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಚಿಕ್ಕಜ್ಜಿ ಪಡಸಾಲೆಯಲ್ಲಿ ನಿಚ್ಚಣಿಕೆ ತಂದು ನಿಲ್ಲಿಸಿದ್ದಳು. ಕೈಯಲ್ಲಿ ಕುಡಗೋಲು. ಅಜ್ಜಿ ತೂಗುಮಂಚದ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು.

"ಹತ್ತು," ಎಂದಳು ಚಿಕ್ಕಜ್ಜಿ ನನಗೆ. "ತೊಲಿ ಮ್ಯಾಗಿನ ಸುಣ್ಣಾ ಕೆರಿ."

"ಯಾಕ?"

"ಯಾಕ ಅಂತ ಕೇಳಬ್ಯಾಡ. ಊರೂರಿನ ತೊಲಿ ನೋಡಿ ಬಂದಿ, ನಿನ್ನ ಮನೀದು ನೋಡಿದಿಯೇನು? ಕೆರಿ."

ಹತ್ತಿದೆ, ಕೆರೆದೆ. ಸುಣ್ಣದ ಪದರುಗಳು ಹಪ್ಪಳದಂತೆ ಎದ್ದು ಬಿದ್ದವು. ಅದರ ಕೆಳಗೆ ಗಾರೆ. ಗಾರೆ ಉದುರಿದ ಮೇಲೆ ಕುಡಗೋಲಿಗೆ ಕಬ್ಬಿಣ ತಾಗಿ ಸದ್ದಾಯಿತು. ಮುಂಗೈ ಗಾತ್ರದ, ಹಗುರಾದ ಸಣ್ಣ ಹಳಿ. ಅಜ್ಜಿಯ ತೂಗುಮಂಚ, ಆಕೆಯ ಕಥೆಯನ್ನೂ ಆಕೆಯನ್ನೂ ಹೊತ್ತುಕೊಂಡು, ಇಷ್ಟು ವರ್ಷ ಆ ಹಳಿಗೆ ಜೋತುಬಿದ್ದಿತ್ತು. ಸುಣ್ಣದ ಪುಡಿ ತಲೆಯ ಮೇಲೆ ಬಿದ್ದು ಅಜ್ಜಿ ಕಣ್ಣು ತೆರೆದಳು.

"ಇದು ನನ್ನ ತವರಿಂದ ಬಂದ ತೊಲಿ," ಎಂದಳು ಚಿಕ್ಕಜ್ಜಿ. ನಿಂತೇ ಮಾತಾಡಿದಳು, ಅಜ್ಜಿಯನ್ನು ನೋಡದೆ, ಬಾಗಿಲಿನ ಕಡೆ ನೋಡುತ್ತ. "ಪಡಸಾಲಿ ಕಟ್ಟಿಸಿದಾಗ ಅಪ್ಪ ಕಳಿಸಿದ. ಅಪ್ಪ ದಿಬ್ಬದ ಕಲ್ಲಿನ ಗುತ್ತೇದಾರ. ದಿಬ್ಬದಾಗ ಕಲ್ಲು ಒಡಸಿ ಖಡಿ ಮಾಡಿಸಿ ಯಲವಿಗಿ ಸ್ಟೇಷನ್ನಿಗೆ ಸಾಗಸ್ತಿದ್ದ. ದಿಬ್ಬದಿಂದ ಸ್ಟೇಷನ್ನಿನ ತನಕ ಹಳಿ ಹಾಕಿದ್ರು. ಖಡಿ ತುಂಬಿದ ಗಾಲಿ ಡಬ್ಬಿ ಆಳು ಅದರ ಮ್ಯಾಲೆ ನೂಕ್ತಿದ್ರು. ಕೆಲಸ ಮುಗದ ಮ್ಯಾಲೆ ಹಳಿ ಕಿತ್ತು ಮನಿಗೆ ತಂದು ಒಗದ್ರು. ಅವ ಹಳಿ ನಮ್ಮ ಅಕ್ಕತಂಗೇರ ಮನಿಗೆಲ್ಲಾ ಹೋದ್ವು. ನಿನ್ನ ನಕ್ಷೆಯಾಗ ಎಲ್ಲಾರೂ ಇದ್ರು. ತಿಳವಳ್ಳಿಯಾಕಿಯ ಅತ್ತಿ ನಮ್ಮ ದೊಡ್ಡಕ್ಕ."

ನಾನು ನಿಚ್ಚಣಿಕೆಯ ಮೇಲೆಯೇ ಉಳಿದೆ.

"ಒಂದ ದಿನಾ ಮಳಿ ಹತ್ತಿತ್ತಂತ. ಎರಿ ಮಣ್ಣಾಗ ಮದವಿ ಮಂದಿ ಚಕ್ಕಡಿ ಹುಗದು ನಿಂತಿತ್ತಂತ. ಸ್ಟೇಷನ್ನಿನಾಗ ಸಣ್ಣ ಮದುಮಗಳು ಅಳಕೋತ ಕುಂತಿದ್ಲಂತ. ಅಪ್ಪ ಆಕಿನ್ನ ಖಾಲಿ ಡಬ್ಬಿಯಾಗ ಕುಂದರಿಸಿ, ತಾ ಮಳಿಗೆ ಕೊಡಿ ಹಿಡಕೊಂಡು ಬಾಜೂಕ ನಡಕೋತ ದಿಬ್ಬದ ತನಕಾ ತಂದನಂತ. ದಿಬ್ಬಕ್ಕ ಬಂದ ಮ್ಯಾಲೆ ಆ ಹುಡುಗಿ ಇಳೀಲಿಲ್ಲಂತ."

"ಇನ್ನೊಂದು ಸಲಾ ಹೋಗಿ ಬರೋಣ ಅಂದ್ನಿ," ಎಂದಳು ಅಜ್ಜಿ.

ಈ ಮಾತನ್ನು ಆಕೆ ನಮಗೆ ಎಂದೂ ಹೇಳಿರಲಿಲ್ಲ. ಮದುಮಗಳು ಹಾಗೆ ಹಟ ಮಾಡಿದ್ದು ನಾಚಿಕೆಯ ಸಂಗತಿಯೆಂದು ಮುಚ್ಚಿಟ್ಟಿದ್ದಳೋ ಏನೋ.

"ಆ ಕೊಡಿ ಹಿಡಿದವರು ನಿಮ್ಮಪ್ಪನೇನ?" ಎಂದು ಕೇಳಿದಳು.

"ನಮ್ಮಪ್ಪನ. ಆ ಮದವಿ ಮಂದಿ ಚೊಲೊ ಜನಾ ಅಂತ ಮನಿ ನೆನಪಿಟ್ಟು, ಮುಂದ ನನ್ನ ಈ ಮನಿಗೆ ಕೊಟ್ಟ."

"ಮತ್ತ ಇಷ್ಟು ದಿನಾ ಯಾಕ ಹೇಳಲಿಲ್ಲ?"

ಚಿಕ್ಕಜ್ಜಿ ಈಗ ಅಜ್ಜಿಯ ಕಡೆ ತಿರುಗಿದಳು. ಸಿಟ್ಟಿನ ದನಿಯಲ್ಲೇ ಮಾತಾಡಿದಳು.

"ಯಾಕ ಹೇಳಬೇಕು? ಅಪ್ಪ ಆ ಸುದ್ದಿ ಹೇಳಿ ನಕ್ಕಾಗೆಲ್ಲಾ ನನ್ನ ಹೊಟ್ಟಿ ಉರೀತಿತ್ತು. ಯಾವುದೋ ಊರಿನ ಹುಡುಗಿನ್ನ ಕುಂದರಿಸಿದ. ನಾ ಮಗಳು, ನಾ ಕೇಳಿದ್ರ, ಆಳು ಮಂದಿ ನಡುವ ಹೆಣ್ಣು ಹುಡುಗಿ ಬ್ಯಾಡ ಅಂದ. ಒಂದ ಸಲಾನೂ ಕುಂದರಿಸಲಿಲ್ಲ. ಇಲ್ಲಿಗೆ ಬಂದ್ರ ಅದ ಹುಡುಗಿ ಮ್ಯಾಲೆ ಕುಂತು ರೈಲು, ರೈಲು ಅಂತಿತ್ತು. ನಾ ಖರೆ ಅಂದಿದ್ರ ನೀ ಗೆದ್ದು ಸುಮ್ಮಾಗ್ತಿದ್ದಿ. ತವರಿನ್ಯಾಗ ಯಾರೂ ಉಳಿದಿಲ್ಲ, ಅಕ್ಕತಂಗೇರು ಹೋದ್ರು. ನೀ ಸುಮ್ಮಾದ್ರ ನಾ ಯಾರ ಜೋಡಿ ಮಾತಾಡ್ಲಿ?"

ನಾನು ನಿಚ್ಚಣಿಕೆಯ ಮೇಲೆ ಕುಡಗೋಲು ಹಿಡಿದು ನಿಂತಿದ್ದೆ, ಇಳಿಯಲೂ ಧೈರ್ಯವಾಗಲಿಲ್ಲ. ನನ್ನ ಕಣ್ಣಿಗೆ ಸುಣ್ಣ ಬಿದ್ದಿತ್ತೆಂದು ಹೇಳಬಹುದು, ಆದರೆ ಅದು ಸುಣ್ಣವಲ್ಲ. ಅಜ್ಜಿ ತಲೆಯ ಮೇಲಿನ ಬಿಳಿ ಪುಡಿಯನ್ನು ಕೊಡವಿಕೊಂಡಳು. ಮೇಲಿನ ಹಳಿಯನ್ನು ಒಮ್ಮೆ ನೋಡಿದಳು. ಆಮೇಲೆ ತೂಗುಮಂಚದ ಹಲಗೆಯ ಮೇಲೆ ಒಂದು ಬದಿಗೆ ಸರಿದು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

"ಬಾ," ಎಂದಳು. "ಕುಂದರು."

"ನಾ ಒಲ್ಲೆ. ಅದು ನಿನ್ನ ಜಾಗಾ."

"ಹಳಿ ನಿಮ್ಮಪ್ಪಂದು. ಬಾ ಅಂದ್ರ ಬಾ. ಚಾವಣಿ ಅದ, ಮಳಿ ಇಲ್ಲ. ಟಿಕೀಟು ಬ್ಯಾಡ."

ಚಿಕ್ಕಜ್ಜಿ ಸರಪಳಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಹೊಸಬರು ಕೂಡುವ ಹಾಗೆ ಹೆದರಿ ಹೆದರಿ ಹಲಗೆಯ ತುದಿಯಲ್ಲಿ ಕುಳಿತಳು. ಅಜ್ಜಿ ಕಾಲಿನಿಂದ ನೆಲ ಒತ್ತಿದಳು. ಇಬ್ಬರ ಭಾರಕ್ಕೆ ತೂಗುಮಂಚ ಅಲುಗಲಿಲ್ಲ.

"ಎಂಜಿನ್ನಿಲ್ಲಲ್ಲೋ," ಎಂದು ಅಜ್ಜಿ ನನ್ನ ಕಡೆ ನೋಡಿದಳು.

ನಾನು ಇಳಿದು ಬಂದು ಹಿಂದಿನಿಂದ ನೂಕಿದೆ.